ಬೆಂಗಳೂರಲ್ಲಿ ಹಾಓರಿ ದಿನನಿತ್ಯ ಹಾಕ್ಕೊಳ್ಳೋದು ಹೇಗೆ

ಹಾಓರಿ ಅಂದ್ರೆ ಜಪಾನಲ್ಲಿ ಕಿಮೋನೊ ಮೇಲೆ ಹಾಕ್ಕೊಳ್ಳೋ ಜಾಕೆಟ್ಟು. ಸೊಂಟ ದಾಟಿ ತೊಡೆ ತನಕ ಬರತ್ತೆ, ಗುಂಡಿ ಇಲ್ಲ, ಜಿಪ್ ಇಲ್ಲ, ಮುಂದಿನ ಎರಡು ಪಟ್ಟಿ ಒಂದರ ಮೇಲೊಂದು ಕೂರೋದೂ ಇಲ್ಲ, ಎದೆ ಹತ್ರ ಒಂದು ಹೆಣೆದ ದಾರ ಕಟ್ಕೊಂಡ್ರೆ ಆಯ್ತು, ಕಟ್ದೆ ಸುಮ್ನೆ ಬಿಟ್ಟ್ರೂ ಆಯ್ತು. ಬೆಂಗಳೂರಿನ ಹವಾಮಾನಕ್ಕೆ ಇದಕ್ಕಿಂತ ಹೊಂದೋ ಮೇಲುಡುಪು ನನಗಂತೂ ಗೊತ್ತಿಲ್ಲ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರೋ ಊರು ಇದು, ಸ್ವೆಟರ್ ಹಾಕಿದ್ರೆ ಹತ್ತು ಗಂಟೆಗೆ ಬೆವರು, ಹಾಕಿಲ್ಲಾಂದ್ರೆ ಬೆಳಿಗ್ಗೆ ಬಸ್ ಸ್ಟಾಪಲ್ಲಿ ನಡುಕ, ಆಮೇಲೆ ಆಫೀಸಲ್ಲಿ ಏಸಿ ಬೇರೆ. ಹಾಓರಿ ಗಾಳಿ ತಡೆಯತ್ತೆ ಆದ್ರೆ ಮೈಗೆ ಅಂಟಲ್ಲ, ಕಂಕುಳು ಹತ್ರ ಸಡಿಲ, ಮುಂದೆ ಪೂರ್ತಿ ತೆರೆದಿರತ್ತೆ, ಸೆಕೆ ಆದ್ರೆ ತೆಗೆದು ಮಡಚಿ ಬ್ಯಾಗಿಗೆ ಹಾಕ್ಬಹುದು.

ಒಂದೇ ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ. ಹಾಓರಿನ ವೇಷದ ಥರ ಹಾಕ್ಬೇಡಿ, ಬಟ್ಟೆ ಥರ ಹಾಕಿ. ಹಾಓರಿ, ಕೈಯಲ್ಲಿ ಬೀಸಣಿಗೆ, ಕಾಲಿಗೆ ಮರದ ಚಪ್ಪಲಿ, ತಲೇಲಿ ಕಡ್ಡಿ ಎಲ್ಲ ಒಟ್ಟಿಗೆ ಬಂದ್ರೆ ಅದು ಸ್ಕೂಲ್ ಫ್ಯಾನ್ಸಿ ಡ್ರೆಸ್ ಆಗೋಗತ್ತೆ, ಆ ಬಟ್ಟೆಗೂ ಮರ್ಯಾದೆ ಅಲ್ಲ ನಮಗೂ ಅಲ್ಲ. ಮೈಮೇಲೆ ಜಪಾನಿನದ್ದು ಅದೊಂದೇ ಇರ್ಲಿ, ಉಳಿದಿದ್ದೆಲ್ಲ ನೀವು ದಿನಾ ಹಾಕ್ಕೊಳ್ಳೋದೇ ಇರ್ಲಿ, ನಿಮ್ಮ ಜೀನ್ಸು, ನಿಮ್ಮ ಕುರ್ತಾ, ನಿಮ್ಮ ಕಾಟನ್ ಸೀರೆ, ನಿಮ್ಮ ಬಾಟಾ ಚಪ್ಪಲಿ.

ಆನ್‌ಲೈನಲ್ಲಿ ಕಿಮೋನೊ ಜಾಕೆಟ್ ಅಂತ ಹುಡುಕಿದ್ರೆ ನೂರೆಂಟು ಬರತ್ತೆ, ಅದ್ರಲ್ಲಿ ಮುಕ್ಕಾಲು ಪಾಲು ತೆಳ್ಳಗಿನ ಶ್ರಗ್ಗು, ಹಾಓರಿ ಅಲ್ವೇ ಅಲ್ಲ. ನಿಜವಾದ ಹಾಓರಿ ಗುರುತಿಸೋದು ಸುಲಭ. ಕೊರಳಪಟ್ಟಿ ಕತ್ತಿನ ಹಿಂದಿನಿಂದ ಶುರುವಾಗಿ ಮುಂದೆ ಕೆಳಗಿನ ಅಂಚಿನ ತನಕ ಒಂದೇ ಪಟ್ಟಿಯಾಗಿ ಇಳಿಯತ್ತೆ. ಎರಡೂ ಪಕ್ಕದಲ್ಲಿ ಮುಂಭಾಗಕ್ಕೂ ಬೆನ್ನಿಗೂ ಮಧ್ಯೆ ಒಂದು ಉದ್ದ ಸಣ್ಣ ಪಟ್ಟಿ ಸೇರಿಸಿರ್ತಾರೆ, ಮೇಲೆ ಸಣ್ಣ ಕೆಳಗೆ ಅಗಲ, ಅದನ್ನ ಮಾಚಿ ಅಂತಾರೆ, ಕಿಮೋನೊದಲ್ಲಿ ಇದು ಇರಲ್ಲ. ಆಮೇಲೆ ಎದೆ ಎತ್ತರದಲ್ಲಿ ಕೊರಳಪಟ್ಟಿ ಒಳಗಡೆ ಎರಡು ಪುಟ್ಟ ಕುಣಿಕೆ ಇರತ್ತೆ, ದಾರ ಸಿಕ್ಕಿಸೋಕೆ. ಇಷ್ಟು ಇದ್ರೆ ಹಾಓರಿ. ಚೌಕ ಕತ್ತು ಇದ್ದು ಮುಂದೆ ಪ್ರೆಸ್ ಬಟನ್ ಹಾಕಿ ಮುಚ್ಚೋದು ಮಿಚಿಯುಕಿ, ಅದು ಹೊರಗೆ ಹೋಗುವಾಗಿನ ಕೋಟು, ಜಪಾನಲ್ಲಿ ಒಳಗೆ ಬಂದ ತಕ್ಷಣ ತೆಗೀತಾರೆ. ಹಾಪ್ಪಿ ಅಂದ್ರೆ ಹಬ್ಬದಲ್ಲಿ ಪಲ್ಲಕ್ಕಿ ಹೊರೋರು, ಅಂಗಡಿ ಕೆಲಸದೋರು ಹಾಕೋ ಕಾಟನ್ ಅಂಗಿ, ಬೆನ್ನ ಮೇಲೆ ದೊಡ್ಡದಾಗಿ ಗುರುತು ಇರತ್ತೆ. ಹಾನ್‌ತೆನ್ ಅಂತ ಇನ್ನೊಂದು, ಅದ್ರಲ್ಲಿ ಮನೇಲಿ ಹಾಕ್ಕೊಳ್ಳೋದು ಹತ್ತಿ ತುಂಬಿದ ಚಳಿಗಾಲದ್ದು, ನಮ್ಮೂರಿಗೆ ಅದು ಜಾಸ್ತೀನೇ ಆಯ್ತು. ನೋರಾಗಿ ಅನ್ನೋದು ರೈತರ ಹೊಲದ ಅಂಗಿ, ಇಂಡಿಗೋ ಬಣ್ಣ, ತೇಪೆ, ಸಾಶಿಕೊ ಅನ್ನೋ ಸಾಲುಸಾಲು ಕೈಹೊಲಿಗೆ. ತೋಳು ಸಣ್ಣ, ಬಟ್ಟೆ ಗಟ್ಟಿ. ಓಡಾಟ ಜಾಸ್ತಿ ಇರೋರಿಗೆ, ರೇಷ್ಮೆ ನೋಡ್ಕೊಳ್ಳೋ ತಾಳ್ಮೆ ಇಲ್ದೋರಿಗೆ ನಾನು ನೋರಾಗೀನೇ ಹೇಳ್ತೀನಿ.

ಗಂಡಸರ ಹಾಓರಿ, ಹೆಂಗಸರ ಹಾಓರಿ ಬೇರೆ ಬೇರೆ, ಆದ್ರೆ ಯಾರು ಯಾವುದನ್ನ ಹಾಕ್ಕೊಂಡ್ರೂ ನಮ್ಮಲ್ಲಿ ತೊಂದ್ರೆ ಏನಿಲ್ಲ. ವ್ಯತ್ಯಾಸ ತೋಳಲ್ಲಿ ಕಾಣತ್ತೆ. ಗಂಡಸರದ್ದು ತೋಳು ಮೈಗೆ ಹೆಚ್ಚುಕಮ್ಮಿ ಪೂರ್ತಿ ಹೊಲಿದಿರತ್ತೆ, ಹೆಂಗಸರದ್ದು ಕಂಕುಳ ಕೆಳಗೆ ತೆರೆದಿರತ್ತೆ, ತೋಳಿನ ಚೀಲ ಮೈಯಿಂದ ಬಿಡಿಯಾಗಿ ನೇತಾಡತ್ತೆ. ಮೂಲದಲ್ಲಿ ಇದು ಗಂಡಸರದ್ದೇ ಉಡುಪು. ಯುದ್ಧದ ಕಾಲದಲ್ಲಿ ಸಮುರಾಯ್‌ಗಳು ಕವಚದ ಮೇಲೆ ಇದರ ಜಾತಿಯದ್ದೇ ಒಂದು ಅಂಗಿ ಹಾಕ್ತಿದ್ರು, ಆಮೇಲೆ 1603ರಿಂದ 1868ರ ತನಕದ ಎದೊ ಕಾಲದಲ್ಲಿ ಊರ ಜನರ ಮೈಮೇಲೆ ಬಂತು. ಹೆಂಗಸರಲ್ಲಿ ಮೊದ್ಲು ಹಾಕಿದ್ದು ಎದೊ ನಗರದ, ಅಂದ್ರೆ ಈಗಿನ ಟೋಕಿಯೊದ, ಫುಕಗಾವಾ ಅನ್ನೋ ಕಡೆಯ ಗೇಶಾಗಳು, ಹಾಡು ಕುಣಿತದಿಂದ ರಂಜಿಸೋ ಕಲಾವಿದೆಯರು, ಗಂಡಸರ ಬಟ್ಟೆ ಅನ್ನೋ ಕಾರಣಕ್ಕೇ ಅದನ್ನ ಸ್ಟೈಲ್ ಮಾಡ್ಕೊಂಡ್ರು, ಎದೊ ಮುಗಿದ ಮೇಲಿನ ಮೇಜಿ ಕಾಲದ ಹೊತ್ತಿಗೆ ಮಾಮೂಲಿ ಹೆಣ್ಮಕ್ಕಳೂ ಹಾಕೋಕೆ ಶುರು ಮಾಡಿದ್ರು. ಹಂಗಾಗಿ ಹುಡುಗ್ರದ್ದು ಹುಡುಗೀರದ್ದು ಅಂತ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ, ಈ ಬಟ್ಟೆ ಆ ಗೆರೇನ ಒಂದ್ಸಲ ದಾಟಿಯೇ ಬಂದಿದೆ.

ಎದೊ ಕಾಲದಲ್ಲಿ ಇನ್ನೊಂದು ನಡೀತು. ವ್ಯಾಪಾರಸ್ಥರ ಹತ್ರ ದುಡ್ಡಿತ್ತು, ಆದ್ರೆ ಯಾರು ಎಂಥ ಬಟ್ಟೆ ಹಾಕ್ಬೇಕು ಅಂತ ಸರ್ಕಾರದ ಕಟ್ಟಪ್ಪಣೆ ಇತ್ತು, ಆಡಂಬರ ಕೂಡದು ಅಂತ. ಅವರು ಹೊರಗಡೆ ಕಪ್ಪು, ಬೂದಿ, ಕಂದು ಬಣ್ಣದ ಸಾದಾ ಬಟ್ಟೆ ಹಾಕಿ ಶೋಕಿನೆಲ್ಲ ಒಳಗಿನ ಲೈನಿಂಗಲ್ಲಿ ತೋರ್ಸಿದ್ರು. ಇವತ್ತಿಗೂ ಗಂಡಸರ ಹಳೇ ಹಾಓರಿ ಬಿಚ್ಚಿ ತಿರುಗ್ಸಿದ್ರೆ ಒಳಗೆ ಫ್ಯೂಜಿ ಬೆಟ್ಟ, ಹುಲಿ, ಗಿಡುಗ, ದೋಣಿ, ಒಂದು ಪೂರ್ತಿ ಚಿತ್ರಾನೇ ಇರತ್ತೆ. ಹಂಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಳಗಿನ ಫೋಟೋ ಕೇಳ್ದೆ ದುಡ್ಡು ಕೊಡ್ಬೇಡಿ. ಅದನ್ನ ಉಲ್ಟಾ ಹಾಕ್ಕೊಂಡು ಓಡಾಡೋರನ್ನೂ ನೋಡಿದೀನಿ, ನನಗೆ ಅದು ಇಷ್ಟ ಆಗಲ್ಲ, ಮುಚ್ಚಿಟ್ಟಿರೋದ್ರಲ್ಲೇ ಅದರ ಚೆಂದ ಇರೋದು. ಕುರ್ಚಿ ಬೆನ್ನಿಗೆ ನೇತುಹಾಕ್ದಾಗ ಕಂಡ್ರೆ ಸಾಕು.

ಬಟ್ಟೆ ಆರಿಸೋದೇ ಇದ್ರಲ್ಲಿ ಮುಖ್ಯ ಕೆಲಸ. ಜಪಾನಲ್ಲಿ ಲೆಕ್ಕ ಏನಂದ್ರೆ ಅಕ್ಟೋಬರ್‌ನಿಂದ ಮೇ ತನಕ ಲೈನಿಂಗ್ ಇರೋದು, ಜೂನ್ ಮತ್ತೆ ಸೆಪ್ಟೆಂಬರ್‌ನಲ್ಲಿ ಲೈನಿಂಗ್ ಇಲ್ದೇ ಇರೋದು, ಜುಲೈ ಆಗಸ್ಟಲ್ಲಿ ಜಾಲರಿ ಥರ ನೇಯ್ದಿರೋ ರೊ ಅಥವಾ ಶಾ. ನಮ್ಮೂರಲ್ಲಿ ಈ ಲೆಕ್ಕ ನಡಿಯಲ್ಲ. ಇಲ್ಲಿ ಮಾರ್ಚ್, ಏಪ್ರಿಲ್, ಮೇನಲ್ಲಿ ಮಧ್ಯಾಹ್ನ 33-34 ಡಿಗ್ರಿ, ಆಗ ಹಾಕೋದಾದ್ರೆ ರೊ, ಶಾ, ಇಲ್ಲಾ ತೆಳು ಕಾಟನ್, ಅದೂ ಸಂಜೆ ಮೇಲೆ. ಜೂನ್‌ನಿಂದ ಅಕ್ಟೋಬರ್ ಮಳೆಗಾಲ, ಲೈನಿಂಗ್ ಇಲ್ದಿರೋ ಕಾಟನ್ ಅಥವಾ ಪಾಲಿಯೆಸ್ಟರ್. ಹೌದು ಪಾಲಿಯೆಸ್ಟರ್ರೇ, ಮೂಗು ಮುರೀಬೇಡಿ, ಒಗೆದ್ರೆ ಒಣಗತ್ತೆ, ಇಸ್ತ್ರಿ ಬೇಡ, ಆಟೋ ಇಳಿಯುವಾಗ ನಾಲ್ಕು ಹನಿ ಬಿದ್ರೆ ಎದೆ ಧಸಕ್ ಅನ್ನಲ್ಲ. ಚಿರಿಮೆನ್ ಅನ್ನೋ ತರಿತರಿ ರೇಷ್ಮೆ ಕ್ರೇಪ್ ಇದ್ಯಲ್ಲ, ಅದು ನೀರು ಬಿದ್ರೆ ಕುಗ್ಗಿ ಸುಕ್ಕಾಗತ್ತೆ, ಮೋಡ ಕಂಡ ದಿನ ಅದನ್ನ ಬೀರುವಿನಿಂದ ಹೊರಗೆ ತೆಗೀಲೇಬೇಡಿ. ನವೆಂಬರ್‌ನಿಂದ ಫೆಬ್ರವರಿ ಮಧ್ಯದ ತನಕ, ಬೆಳಿಗ್ಗೆ 15-16 ಡಿಗ್ರಿಗೆ ಇಳಿಯೋ ಕಾಲದಲ್ಲಿ, ಲೈನಿಂಗ್ ಇರೋ ರೇಷ್ಮೆ ಹಾಓರಿಗೆ ಸರಿಯಾದ ಟೈಮು. ಆಗ ತ್ಸುಮುಗಿ ಹಾಕಿ ನೋಡಿ, ಗಂಟುಗಂಟು ನೂಲಿನ ರೇಷ್ಮೆ, ಹೊಳಪಿಲ್ಲ, ನಮ್ಮ ಟಸ್ಸರ್ ಇಷ್ಟಪಡೋರಿಗೆ ಕೈಯಲ್ಲಿ ಮುಟ್ಟಿದ್ ಕೂಡ್ಲೇ ಪರಿಚಯ ಅನ್ಸತ್ತೆ. ಮೇಸೆನ್ ಅಂತ ಇನ್ನೊಂದು ಸಿಗತ್ತೆ, 1920-30ರ ಹೊತ್ತಲ್ಲಿ ಜಪಾನಿನ ಹುಡುಗೀರು ದಿನಾ ಹಾಕ್ಕೊಳ್ತಿದ್ದ ಅಗ್ಗದ ರೇಷ್ಮೆ, ನೇಯೋಕ್ ಮುಂಚೆ ನೂಲಿಗೇ ಬಣ್ಣ ಒತ್ತಿರ್ತಾರೆ, ಅದಕ್ಕೆ ಡಿಸೈನಿನ ಅಂಚು ಸ್ವಲ್ಪ ಕದಲಿದ ಹಾಗೆ ಕಾಣತ್ತೆ. ಜೀನ್ಸ್ ಮೇಲೆ ಮೇಸೆನ್‌ಗೆ ಸಾಟಿ ಇಲ್ಲ.

ಎಲ್ಲಿ ಸಿಗತ್ತೆ ಅಂದ್ರೆ, ಆಫೀಸ್ ಕೆಲಸಕ್ಕೆ ಜಪಾನ್‌ಗೆ ಹೋಗಿ ಬರೋರು ಈ ಊರಲ್ಲಿ ಬೇಕಾದಷ್ಟು ಜನ ಇದಾರೆ, ಅವ್ರಿಗೆ ಹೇಳಿ. ಕ್ಯೋತೊದಲ್ಲಿ ತೋಜಿ ದೇವಸ್ಥಾನದ ಹತ್ರ ಪ್ರತಿ ತಿಂಗಳು 21ಕ್ಕೆ, ಕಿತಾನೊ ತೆನ್‌ಮಂಗು ಗುಡಿ ಹತ್ರ 25ಕ್ಕೆ ಸಂತೆ ನಡಿಯತ್ತೆ, ಹಳೇ ಕಿಮೋನೊ ಹಾಓರಿ ರಾಶಿ ಹಾಕಿ ಮಾರ್ತಾರೆ. ಅಲ್ಲಿ ಹೊಸ ಶರ್ಟಿನ ರೇಟಿಗೆ ಒಳ್ಳೇ ರೇಷ್ಮೆ ಹಾಓರಿ ಸಿಗತ್ತೆ, ಯಾಕಂದ್ರೆ ಅಲ್ಲಿಯೋರ ಮನೆಗಳಲ್ಲಿ ಅಜ್ಜಿಯರ ಪೆಟ್ಟಿಗೆ ತುಂಬ ಇವೆ, ಹಾಕೋರು ಕಮ್ಮಿ. ಹಳೇದು ಕೊಳ್ಳುವಾಗ ಮೂರು ವಿಷಯ ನೋಡ್ಬೇಕು. ಲೈನಿಂಗಲ್ಲಿ ಹಳದಿ ಚುಕ್ಕೆ ಇದ್ರೆ ಹೋಗಲ್ಲ, ಹೊರಗೆ ಕಾಣಲ್ಲಾಂದ್ರೆ ಪರವಾಗಿಲ್ಲ. ಕಂಕುಳು ಮತ್ತೆ ಬೆನ್ನಿನ ಮಧ್ಯದ ಹೊಲಿಗೆ ಹತ್ರ ಬಟ್ಟೇನ ಎರಡು ಹೆಬ್ಬೆರಳಿಂದ ಮೆಲ್ಲಗೆ ಎಳೆದು ನೋಡಿ, ಚರ್ರ್ ಅಂತ ಎಳೆ ಬಿಟ್ರೆ ರೇಷ್ಮೆ ಸತ್ತಿದೆ, ಎಷ್ಟೇ ಚೆನ್ನಾಗಿದ್ರೂ ಬಿಟ್ಬಿಡಿ. ಆಮೇಲೆ ದಾರ ಇದ್ಯಾ ಅಂತ ಕೇಳಿ, ಎಷ್ಟೋ ಸಲ ದಾರ ಇಲ್ದೇನೇ ಮಾರ್ತಾರೆ. ಅಂಚಲ್ಲಿ ಉದ್ದುದ್ದ ಬಿಳಿ ನೂಲಿನ ಸಡಿಲ ಹೊಲಿಗೆ ಕಂಡ್ರೆ ಖುಷಿಪಡಿ, ಬಹುಶಃ ಅದನ್ನ ಯಾರೂ ಹಾಕ್ಕೊಂಡೇ ಇಲ್ಲ ಅಂತ ಅರ್ಥ, ಹಾಕೋ ಮುಂಚೆ ಆ ನೂಲು ಬಿಚ್ಚಿ ತೆಗೀಬೇಕು.

ಸೈಜು ಅಂತ ಎಸ್ ಎಮ್ ಎಲ್ ಇರಲ್ಲ. ಎರಡೇ ಅಳತೆ ನೋಡ್ಬೇಕು, ಬೆನ್ನಿನ ಉದ್ದ ಒಂದು, ಯುಕಿ ಅಂತ ಇನ್ನೊಂದು. ಕೈನ ಪಕ್ಕಕ್ಕೆ ಸ್ವಲ್ಪ ಇಳಿಸಿ ಚಾಚಿ, ಕತ್ತಿನ ಹಿಂದಿನ ಮೂಳೆಯಿಂದ ಭುಜದ ಮೇಲೆ ಹಾದು ಮಣಿಕಟ್ಟಿನ ಮೂಳೆ ತನಕ ಟೇಪ್ ಹಿಡೀರಿ, ಅದೇ ಯುಕಿ. ಕಿಮೋನೊ ಬಟ್ಟೆ ಸುರುಳಿ ಅಗಲ ಸುಮಾರು 36ರಿಂದ 38 ಸೆಂಟಿಮೀಟರ್ ಅಷ್ಟೇ, ಮೈಗೆ ಒಂದು ಅಗಲ ತೋಳಿಗೆ ಒಂದು ಅಗಲ, ಹೊಲಿಗೆಗೆ ಹೋಗಿ ಉಳಿಯೋದು 65ರಿಂದ 68, ಹಳೇದಾದ್ರೆ ಇನ್ನೂ ಕಮ್ಮಿ. ಹಂಗಾಗಿ ನಮ್ಮಲ್ಲಿ ಎತ್ತರದ ಹುಡುಗ್ರಿಗೆ ತೋಳು ಮಣಿಕಟ್ಟಿಗಿಂತ ಮೇಲೇ ನಿಲ್ಲತ್ತೆ. ಅದನ್ನ ಬಲವಂತ ಮಾಡ್ಬೇಡಿ, ಒಳಗೆ ಫುಲ್ ಕೈ ಶರ್ಟ್ ಹಾಕಿ ಕಫ್ ಎರಡು ಬೆರಳಷ್ಟು ಹೊರಗೆ ಕಾಣೋ ಹಾಗೆ ಬಿಡಿ, ನೋಡೋಕೂ ಚೆಂದ, ಅಂಚಿಗೆ ಬೆವರೂ ತಾಗಲ್ಲ. ಉದ್ದ ನಿಮ್ಮಿಷ್ಟ. 1912ರಿಂದ 1926ರ ತಾಯ್ಶೊ ಕಾಲದ್ದು ಮಂಡಿ ಹತ್ರ ಬರತ್ತೆ, 1960-70ರ ಹೊತ್ತಿನದ್ದು ಗಿಡ್ಡ. ನನ್ನ ಮಟ್ಟಿಗೆ ಕುಳ್ಳಗಿರೋರಿಗೆ ಗಿಡ್ಡದ್ದು, ಎತ್ತರ ಇರೋರಿಗೆ ಉದ್ದದ್ದು, ಇದಕ್ಕಿಂತ ದೊಡ್ಡ ಸೂತ್ರ ಏನೂ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಇಲ್ಲೇ ಹೊಲಿಸ್ಕೊಳ್ಳೋದು. ಹಾಓರಿ ಪೂರ್ತಿ ನೇರ ಕತ್ತರಿ, ಎಲ್ಲೂ ರೌಂಡ್ ಇಲ್ಲ. 37 ಸೆಂಟಿಮೀಟರ್ ಅಗಲದ ಬಟ್ಟೆ 9 ಮೀಟರ್ ಚಿಲ್ಲರೆ ಬೇಕು. ನಮ್ಮ ಸೀರೆ ಅಗಲ 115 ಸೆಂಟಿಮೀಟರ್ ಹತ್ರ, ಉದ್ದುದ್ದಕ್ಕೆ ಮೂರು ಸೀಳು ಮಾಡಿದ್ರೆ ಒಂದೊಂದು 38 ಬರತ್ತೆ, ಅಂದ್ರೆ ಮೂರೂಕಾಲು ಮೀಟರ್ ಸೀರೇಲಿ ಒಂದು ಹಾಓರಿ, ಐದೂವರೆ ಮೀಟರ್‌ನಲ್ಲಿ ಸೆರಗು ಹಾಗೇ ಉಳಿಯತ್ತೆ. ಮಡಿಕೆ ಹತ್ರ ಸವೆದು ಇನ್ನು ಉಡೋಕೆ ಆಗಲ್ಲ ಅಂತ ಮೂಲೆಗೆ ಸೇರಿರೋ ಇಳಕಲ್ ಸೀರೆ, ಉಡುಪಿ ಕಾಟನ್ ಸೀರೆ, ಪಟ್ಟೆದಂಚು ಸೀರೆ ಇವಕ್ಕೆ ಇದಕ್ಕಿಂತ ಒಳ್ಳೇ ಮರುಜನ್ಮ ಇಲ್ಲ. ಆದ್ರೆ ಅಮ್ಮನ್ನ ಕೇಳ್ದೆ ಕತ್ತರಿ ಹಾಕ್ಬೇಡಿ ದಯವಿಟ್ಟು, ಯಾವ ಸೀರೆ ಹಿಂದೆ ಯಾವ ನೆನಪಿದ್ಯೋ ನಮಗೆ ಗೊತ್ತಿರಲ್ಲ. ಸೀರೆ ಬೇಡಾಂದ್ರೆ ಖಾದಿ ತಗೊಳಿ, ಗುಳೇದಗುಡ್ಡದ ಖಣ ಲೈನಿಂಗಿಗೆ ಇಲ್ಲಾ ಕೊರಳಪಟ್ಟಿಗೆ ಹಾಕಿ, ಪೋಚಂಪಲ್ಲಿ ಇಕತ್ ಅಂತೂ ಜಪಾನಿನ ಕಸೂರಿಗೆ ಹತ್ತಿರದ ನೆಂಟ, ಎರಡ್ರಲ್ಲೂ ನೂಲು ಕಟ್ಟಿ ಬಣ್ಣ ಹಾಕಿ ಆಮೇಲೆ ನೇಯೋದು. ನಮ್ಮ ಬಟ್ಟೇಲಿ ಅವರ ಜಾಕೆಟ್ ಹೊಲಿಯೋದು ಹೊಸಾದೇನಲ್ಲ, ಎದೊ ಕಾಲದಲ್ಲೇ ಕೋರಮಂಡಲ ತೀರದ ಅಚ್ಚು ಹಾಕಿದ ಹತ್ತಿ ಬಟ್ಟೆ ಡಚ್ಚರ ಹಡಗಲ್ಲಿ ನಾಗಸಾಕಿಗೆ ಹೋಗ್ತಿತ್ತು, ಅಲ್ಲಿನ ಶೋಕಿಲಾಲರು ಅದರ ತುಂಡಿಗೂ ಮುಗಿಬೀಳ್ತಿದ್ರು, ಸಾರಾಸ ಅಂತ ಹೆಸರಿಟ್ಟು ಚೀಲ, ಲೈನಿಂಗ್, ಅಂಗಿ ಎಲ್ಲ ಹೊಲಿಸ್ಕೊಂಡಿದ್ರು.

ಟೈಲರ್ ಹತ್ರ ಹೋದಾಗ ಫೋಟೋ ತೋರ್ಸಿ ಬಂದ್ಬಿಟ್ರೆ ಆಗಲ್ಲ, ಅವ್ರು ಪಾಪ ಕುರ್ತಾ ಅಳತೇಲೇ ಕತ್ತರಿಸ್ತಾರೆ. ಬಾಯಿಬಿಟ್ಟು ಹೇಳಿ, ಶೋಲ್ಡರ್ ಡೌನ್ ಬೇಡ, ಆರ್ಮ್‌ಹೋಲ್ ರೌಂಡ್ ಬೇಡ, ಡಾಟ್ ಬೇಡ, ಭುಜದ ಮೇಲೆ ಜಾಯಿಂಟೇ ಬೇಡ, ಮುಂದೆ ಹಿಂದೆ ಒಂದೇ ಪೀಸ್ ಭುಜದ ಮೇಲೆ ಹಾದು ಹೋಗ್ಲಿ. ಹಂಗೆ ಎಡಕ್ಕೊಂದು ಬಲಕ್ಕೊಂದು ಪೀಸ್, ಬೆನ್ನಿನ ಮಧ್ಯೆ ಒಂದು ಹೊಲಿಗೆ. ತೋಳು ಎರಡು ಚೌಕ, ಮಡಚಿದಾಗ 49 ಸೆಂಟಿಮೀಟರ್ ಉದ್ದ ಜಪಾನಿನ ಲೆಕ್ಕ, ಆದ್ರೆ ಬಸ್ಸು ಮೆಟ್ರೊ ಓಡಾಟಕ್ಕೆ 35-40 ಸಾಕು ಅನ್ನೋದು ನನ್ನ ಅಭಿಪ್ರಾಯ. ಮಾಚಿ ಪಟ್ಟಿ ಮರೀಬಾರದು, ಅದಿಲ್ಲಾಂದ್ರೆ ನಡೆಯುವಾಗ ಮುಂಭಾಗ ಎರಡೂ ಕಡೆ ಹರಡಿ ಟೆಂಟ್ ಥರ ಆಗತ್ತೆ, ಮಾಚಿ ಇದ್ರೆ ಎರಡು ಪಟ್ಟಿ ನೇರ ಸಮಾನಾಂತರವಾಗಿ ಇಳಿಯತ್ತೆ. ಸೀರೆ ಅಂಚು ಸಣ್ಣದಿದ್ರೆ ಮೊದ್ಲೇ ಬಿಡಿಸಿ ತೆಗೆದು ಕೊರಳಪಟ್ಟಿ ಉದ್ದಕ್ಕೂ ಹಚ್ಚಿಸಿ, ದೊಡ್ಡ ಜರಿ ಅಂಚಾದ್ರೆ ಬಳಸ್ಲೇಬೇಡಿ, ಮದುವೆ ಮನೆ ಶೇರ್ವಾನಿ ಆಗ್ಬಿಡತ್ತೆ. ಕೆಳಗಿನ ಹೆಮ್ಮಿಂಗ್ ಕೈಯಲ್ಲೇ ಮಾಡ್ಸಿ, ಮಷೀನ್ ಹೊಲಿಗೆ ಗೆರೆ ಕಂಡ್ರೆ ಬಟ್ಟೆ ಇಳಿಬೀಳೋದು ಬಿಗಿಯಾಗತ್ತೆ. ಇನ್ನೊಂದು, ಹತ್ತಿ ಬಟ್ಟೆ ಕೊಡೋ ಮುಂಚೆ ಒಂದ್ಸಲ ನೀರಲ್ಲಿ ನೆನೆಸಿ ಒಣಗ್ಸಿ ಕೊಡಿ.

ಹಾಕ್ಕೊಳ್ಳೋವಾಗ ಎಲ್ರೂ ಬಿಡೋ ಒಂದು ಹೆಜ್ಜೆ ಇದೆ. ಕೊರಳಪಟ್ಟಿ ಕತ್ತಿನ ಹಿಂದೆ ನಿಂತ್ಕೊಂಡಿರಬಾರದು, ಅದನ್ನ ಅರ್ಧಕ್ಕೆ ಹೊರಗಡೆಗೆ ಮಡಚ್ಬೇಕು, ಭುಜದ ಮೇಲೆ ಬರ್ತಾ ಆ ಮಡಿಕೆ ಹಾಗೇ ಎದೆ ಮೇಲೆ ಇಳಿದು ಹೋಗತ್ತೆ. ಎರಡೂ ಕೈ ಕತ್ತಿನ ಹಿಂದೆ ತಗೊಂಡು ಹೋಗಿ ಮಡಚಿ, ಮುಂದಿನ ಎರಡು ಪಟ್ಟಿ ಹಿಡಿದು ಸ್ವಲ್ಪ ಕೆಳಗೆ ಜಗ್ಗಿ, ಅಷ್ಟೇ, ಐದು ಸೆಕೆಂಡ್ ಕೆಲಸ, ಆದ್ರೆ ಇದು ಮಾಡಿದ್ರೇನೇ ಅದು ಮೈಮೇಲೆ ಕೂರೋದು. ದಾರಕ್ಕೆ ಹಾಓರಿ ಹಿಮೊ ಅಂತಾರೆ. ಎರಡು ತುಂಡು ಇರತ್ತೆ, ಒಂದೊಂದು ಕುಣಿಕೆಗೆ ಒಂದೊಂದು ಸಿಕ್ಕಿಸಿ ಮಧ್ಯೆ ಗಂಟು ಹಾಕೋದು. ಗಂಟು ಚಪ್ಪಟೆಯಾಗಿ ಅಡ್ಡ ಕೂರ್ಬೇಕು, ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ ಹಾಕಿದ್ರೆ ಬರತ್ತೆ, ಎರಡ್ಸಲವೂ ಒಂದೇ ಕಡೆಯದು ಮೇಲೆ ಹಾಕಿದ್ರೆ ಗಂಟು ಲಂಬವಾಗಿ ತಿರುಚ್ಕೊಳ್ಳತ್ತೆ. ದಾರ ಕಳೆದುಹೋಗಿದ್ರೆ ಚಿಕ್ಕಪೇಟೆ ಲೇಸ್ ಅಂಗಡಿಗಳಲ್ಲಿ ಹೆಣೆದ ರೇಷ್ಮೆ ದಾರ ಮೀಟರ್ ಲೆಕ್ಕದಲ್ಲಿ ಸಿಗತ್ತೆ, ತುದಿಗೆ ಸಣ್ಣ ಕುಚ್ಚು ಹಾಕ್ಸಿ, ಸೀರೆ ಕುಚ್ಚು ಹಾಕೋ ಅಕ್ಕಂದಿರು ಬೇಗ ಮಾಡ್ಕೊಡ್ತಾರೆ. ಬಟ್ಟೆ ಗಾಢ ಬಣ್ಣ ಇದ್ರೆ ದಾರ ತಿಳಿ ಇರ್ಲಿ, ಡಿಸೈನ್ ತುಂಬಾ ಇದ್ರೆ ದಾರ ಸಾದಾ ಇರ್ಲಿ. ಕತ್ತಲ್ಲಿ ಆಫೀಸ್ ಐಡಿ ಕಾರ್ಡ್ ನೇತಾಕ್ಕೊಂಡಿದ್ರೆ ದಾರ ಕಟ್ಬೇಡಿ, ಎರಡೂ ಒಂದೇ ಜಾಗದಲ್ಲಿ ಗುದ್ದಾಡತ್ತೆ, ಕಾರ್ಡನ್ನ ಸೊಂಟಕ್ಕೆ ಸಿಕ್ಕಿಸಿ.

ಯಾವುದರ ಜೊತೆ ಹಾಕೋದು ಅಂದ್ರೆ, ಹಾಓರಿ ಅಗಲ ಇರತ್ತೆ, ಒಳಗಿನದ್ದು ಮೈಗೆ ಹತ್ರ ಇರ್ಲಿ. ಸಾದಾ ಟೀ ಶರ್ಟ್, ನೇರ ಜೀನ್ಸ್, ಇದು ಯಾರಿಗಾದ್ರೂ ಹೊಂದತ್ತೆ. ಕುರ್ತಾ ಜೊತೆ ಹಾಕೋದಾದ್ರೆ ಎರಡರ ಉದ್ದ ಒಂದೇ ಕಡೆ ನಿಲ್ಲಬಾರದು, ಕುರ್ತಾ ಕನಿಷ್ಠ ಒಂದು ಗೇಣು ಕೆಳಗಿರ್ಲಿ ಇಲ್ಲಾ ಶಾರ್ಟ್ ಕುರ್ತಾ ಹಾಕಿ. ಬಿಳಿ ಪಂಚೆ ಜೊತೆ ಬೂದಿ ಬಣ್ಣದ ಗಂಡಸರ ಹಾಓರಿ, ಇದನ್ನ ಒಂದ್ಸಲ ಮಾಡಿ ನೋಡಿ, ಜಪಾನಲ್ಲಿ ಗಂಡಸರು ಅದನ್ನ ಹಕಾಮಾ ಅನ್ನೋ ಅಗಲವಾದ ನೆರಿಗೆ ಪ್ಯಾಂಟಿನ ಮೇಲೂ ಹಾಕ್ಕೊಳ್ತಾರೆ, ಹಂಗಾಗಿ ಕೆಳಗೆ ಸಡಿಲ ಬಟ್ಟೆ ಇದ್ರೆ ಜಾಕೆಟ್ಟಿಗೆ ತನ್ನ ಮನೆಗೆ ಬಂದ ಹಾಗಾಗತ್ತೆ. ಸೀರೆ ಮೇಲೂ ಚೆನ್ನಾಗಿರತ್ತೆ ಆದ್ರೆ ಸೆರಗನ್ನ ನೆರಿಗೆ ಹಿಡಿದು ಪಿನ್ ಮಾಡಿ ಪೂರ್ತಿ ಒಳಗೆ ಹಾಕ್ಕೊಳಿ, ತೇಲಾಡೋ ಸೆರಗು ನೇತಾಡೋ ತೋಳು ಎರಡೂ ಒಟ್ಟಿಗೆ ಆಗಲ್ಲ, ಕಾಟನ್ ಸೀರೆ ಮೇಲೆ ಕಪ್ಪು ಹಾಓರಿ ಹಾಕಿ ಗಾಂಧಿ ಬಜಾರಲ್ಲಿ ಹೂವು ತಗೊಳ್ತಿರೋ ಆಂಟಿನ ಕಂಡ್ರೆ ನಿಂತು ನೋಡ್ಬೇಕು ಅನ್ಸತ್ತೆ. ಬ್ಯಾಕ್‌ಪ್ಯಾಕ್ ಮಾತ್ರ ಬೇಡ, ಭುಜದ ಹತ್ರ ಉಜ್ಜಿ ಉಜ್ಜಿ ರೇಷ್ಮೆ ನೂಲು ಎದ್ದೋಗತ್ತೆ, ಕೈಚೀಲ ಹಿಡ್ಕೊಳಿ.

ಟೂ ವೀಲರ್ ಓಡ್ಸುವಾಗ, ಹಿಂದೆ ಕೂತ್ಕೊಂಡಾಗಲೂ, ಹಾಓರಿ ಹಾಕ್ಬೇಡಿ. ಇದ್ರಲ್ಲಿ ರಾಜಿ ಇಲ್ಲ. ಸೆರಗು ಚಕ್ರಕ್ಕೆ ಸಿಕ್ಕಿ ಏನಾಗತ್ತೆ ಅಂತ ನಮಗೆಲ್ಲ ಗೊತ್ತು, ಈ ತೋಳೂ ಅದೇ ಥರ ಗಾಳಿಗೆ ಹಾರತ್ತೆ. ಮಡಚಿ ಡಿಕ್ಕಿಯಲ್ಲಿ ಇಟ್ಕೊಳಿ, ಇಳಿದ ಮೇಲೆ ಹಾಕ್ಕೊಳಿ. ಮೆಟ್ರೊದಲ್ಲಿ ಪರ್ವಾಗಿಲ್ಲ, ಎಸ್ಕಲೇಟರ್‌ನಲ್ಲಿ ಮಾತ್ರ ಪಕ್ಕದ ರಬ್ಬರ್ ಹಿಡಿಯೋ ಕೈಯ ತೋಳನ್ನ ಒಂದು ಸುತ್ತು ಸುತ್ಕೊಂಡಿರಿ, ಕೂರುವಾಗ ಹಿಂದಿನ ಅಂಚನ್ನ ಪಕ್ಕಕ್ಕೆ ಸರಿಸಿ ಕೂತ್ಕೊಳಿ, ಅದರ ಮೇಲೇ ಕೂತ್ರೆ ಕೊರಳು ಹಿಂದಕ್ಕೆ ಜಗ್ಗತ್ತೆ. ಬಾಗಿಲ ಹಿಡಿಕೆ ದೊಡ್ಡ ಶತ್ರು, ತೋಳಿನ ಬಾಯಿ ಅದಕ್ಕೆ ಹೋಗಿ ಸರಿಯಾಗಿ ಸಿಕ್ಕಾಕ್ಕೊಳ್ಳತ್ತೆ, ವೇಗವಾಗಿ ನಡೆದ್ರೆ ಹರಿಯತ್ತೆ. ತೋಳಿನ ಚೀಲದಲ್ಲಿ ಜಪಾನಲ್ಲಿ ಕರ್ಚೀಫು ಗಿರ್ಚೀಫು ಇಟ್ಕೊಳ್ತಿದ್ರು, ನೀವೂ ಇಟ್ಕೊಳಿ, ಆದ್ರೆ ಹೆಂಗಸರ ಹಾಓರಿ ತೋಳು ಮೈಕಡೆ ತೆರೆದಿರೋದ್ರಿಂದ ಫೋನ್ ಇಡ್ಬೇಡಿ. ಊಟದ ವಿಷಯಕ್ಕೆ ಬಂದ್ರೆ, ದರ್ಶಿನಿಯಲ್ಲಿ ನಿಂತು ಸಾಂಬಾರ್ ವಡೆ ತಿನ್ನುವಾಗ, ಎಲೆ ಊಟಕ್ಕೆ ಕೂತಾಗ, ಸುಮ್ನೆ ತೆಗೆದು ಮಡಚಿ ಬ್ಯಾಗಿಗೆ ಹಾಕ್ಕೊಳಿ. ತೆಗೆಯೋಕೆ ಇಷ್ಟ ಇಲ್ಲಾಂದ್ರೆ ಬಲಗೈ ಚಾಚುವಾಗ ಎಡಗೈಯಿಂದ ಬಲದ ತೋಳು ಕೆಳಗೆ ಹಿಡೀರಿ, ಅಲ್ಲಿಯೋರು ಮಾಡೋದೂ ಹಾಗೇನೇ. ಮನೇಲಿ ಕೆಲಸ ಮಾಡುವಾಗ ಒಂದು ಉದ್ದ ದಾರ ಬೆನ್ನ ಮೇಲೆ ಅಡ್ಡಡ್ಡ ಬರೋ ಹಾಗೆ ಭುಜಕ್ಕೆ ಸುತ್ತಿ ತೋಳು ಎತ್ತಿ ಕಟ್ಟೋದುಂಟು, ತಸುಕಿ ಅಂತಾರೆ, ರಂಗೋಲಿ ಹಾಕೋಕೂ ಅನುಕೂಲ. ಆಫೀಸಲ್ಲಿ ದಿನವಿಡೀ ಹಾಕ್ಕೊಂಡಿರ್ಬಹುದು, ಹಾಓರಿನ ಒಳಗೆ ಬಂದ ಮೇಲೆ ತೆಗೀಲೇಬೇಕು ಅಂತ ನಿಯಮ ಇಲ್ಲ. ಚಹಾ ಸಮಾರಂಭದ ಕೋಣೆಗೆ ಹೋಗುವಾಗ ಮಾತ್ರ ತೆಗೀತಾರೆ.

ಕಪ್ಪು ಹಾಓರಿ ಮೇಲೆ ಬಿಳಿ ದುಂಡು ಗುರುತು ಇದ್ರೆ ಅದು ಮೊನ್, ಮನೆತನದ ಗುರುತು. ಬೆನ್ನಿಗೊಂದು, ತೋಳ ಹಿಂದೆ ಎರಡು, ಎದೆ ಮೇಲೆ ಎರಡು, ಹೀಗೆ ಐದು ಇದ್ರೆ ಗಂಡಸರ ಅತ್ಯಂತ ಗೌರವದ ಉಡುಪು, ಮದುವೆ ಗಂಡು ಹಾಕ್ಕೊಳ್ಳೋದು. ಅದನ್ನ ಬರ್ಮುಡಾ ಮೇಲೆ ಹಾಕ್ಕೊಂಡು ಚರ್ಚ್ ಸ್ಟ್ರೀಟಲ್ಲಿ ಓಡಾಡೋದು ನನಗೆ ಒಪ್ಪಿಗೆ ಇಲ್ಲ, ಯಾರೂ ಬಂದು ಬೈಯಲ್ಲ, ಆದ್ರೂ. ಒಂದೇ ಮೊನ್ ಇರೋದು, ಇಲ್ಲವೇ ಇಲ್ದೇ ಇರೋದು ದಿನಬಳಕೆಗೆ ತಗೊಳಿ, ಜಪಾನ್ ಹಬ್ಬ ಥರದ ಕಾರ್ಯಕ್ರಮಕ್ಕೆ ಹೋಗೋದಾದ್ರೆ ಅಂತೂ ಗುರುತಿಲ್ದೇ ಇರೋದೇ ಸರಿ. ಚಿತ್ರಗಳಿಗೂ ಕಾಲ ಇದೆ, ಚೆರ್ರಿ ಹೂವಿನದ್ದನ್ನ ಹೂವು ಬಿಡೋಕೆ ಸ್ವಲ್ಪ ಮುಂಚೆ ಹಾಕ್ತಾರೆ, ಕೆಂಪು ಮೇಪಲ್ ಎಲೆ ಶರತ್ಕಾಲಕ್ಕೆ. ನಮ್ಮಲ್ಲಿ ಚೆರ್ರಿ ಇಲ್ಲ, ಆದ್ರೆ ಕಬ್ಬನ್ ಪಾರ್ಕಲ್ಲಿ ಟಬೆಬುಯಾ ಮರ ಹೂಬಿಟ್ಟು ಗುಲಾಬಿ ಬಣ್ಣ ಆಗೋಕೆ ಮುಂಚೆ ಆ ಹಾಓರಿ ತೆಗೆದ್ರೆ ಲೆಕ್ಕ ಸರಿಹೋಗತ್ತೆ ಅನ್ನೋದು ನನ್ನ ನಂಬಿಕೆ.

ಬಿಚ್ಚಿದ ಮೇಲೆ ಮಾಡೋ ಕೆಲಸ ಸ್ವಲ್ಪ ಇದೆ. ತಕ್ಷಣ ಬೀರುಗೆ ಸೇರಿಸ್ಬೇಡಿ, ದಾರ ತೆಗೆದು ನೆರಳಲ್ಲಿ ಒಂದು ಕೋಲಿಗೆ ತೋಳು ಪೋಣಿಸಿ ರಾತ್ರಿಯಿಡೀ ಗಾಳಿಗೆ ಬಿಡಿ, ಬೆವರಿನ ಹಸಿ ಹೋಗ್ಲಿ. ಮಾಮೂಲಿ ಹ್ಯಾಂಗರ್‌ಗೆ ದಿನಗಟ್ಲೆ ನೇತಾಕಿದ್ರೆ ಭುಜದಲ್ಲಿ ಮೂತಿ ಬರತ್ತೆ. ಆಮೇಲೆ ನೆಲದ ಮೇಲೆ ಹಾಸಿ, ಪಕ್ಕದ ಮಾಚಿನ ಮಧ್ಯಕ್ಕೆ ಮಡಚಿ, ಎರಡು ಮುಂಭಾಗ ಒಂದರ ಮೇಲೊಂದು ಬರೋ ಹಾಗೆ ಜೋಡ್ಸಿ, ಹೊಲಿಗೆ ಮೇಲೆ ಹೊಲಿಗೆ ಕೂರ್ಸಿ, ತೋಳೆರಡನ್ನ ಒಂದು ಆಚೆಗೆ ಒಂದು ಈಚೆಗೆ ತಿರುಗ್ಸಿ, ಅರ್ಧಕ್ಕೆ ಮಡಚಿ. ನೇರ ಕತ್ತರಿ ಆದ್ದರಿಂದ ಸೀರೆ ಥರ ಚಪ್ಪಟೆ ಆಗತ್ತೆ. ಹಳೇ ಮಲ್ಲು ಪಂಚೇಲಿ ಸುತ್ತಿ ಇಡಿ, ಪ್ಲಾಸ್ಟಿಕ್ ಕವರಲ್ಲಿ ಬೇಡ, ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯತ್ತೆ. ನುಸಿಗುಳಿಗೆ ಇಟ್ರೆ ಬಟ್ಟೆಗೆ ತಾಗದ ಹಾಗೆ ಮೂಲೇಲಿ ಇಡಿ, ನುಸಿಗುಳಿಗೆ ಇಟ್ಟ ಕಡೆ ಕರ್ಪೂರ ಸೇರಿಸ್ಬೇಡಿ, ಎರಡೂ ಒಟ್ಟಿಗೆ ಇದ್ರೆ ಕರಗಿ ಬಟ್ಟೆಗೆ ಕಲೆ ಕೂರತ್ತೆ. ರೇಷ್ಮೆ ಡ್ರೈ ಕ್ಲೀನಿಂಗಿಗೆ ಮಾತ್ರ, ಅದೂ ವರ್ಷಕ್ಕೊಂದ್ಸಲ ಸೀಸನ್ ಮುಗಿದ ಮೇಲೆ, ಕೊಡೋ ಮುಂಚೆ ಹಿಮೊ ತೆಗೆದು ಮನೇಲಿ ಇಟ್ಕೊಳಿ. ಕಾಟನ್ ಆದ್ರೆ ತಣ್ಣೀರಲ್ಲಿ ಕೈಯಿಂದ ಒಗೀರಿ, ಇಂಡಿಗೋ ಇದ್ರೆ ಬೇರೆ ಬಕೆಟ್.

ಜನವರಿ ಕೊನೆಗೆ, ಬಿಸಿಲು ಒಣ ಇರೋ ಹೊತ್ತಲ್ಲಿ, ಎಲ್ಲ ಹೊರಗೆ ತೆಗೆದು ಅರ್ಧ ದಿನ ನೆರಳಲ್ಲಿ ಹರವಿ. ಹುಳ ತಿಂದಿದ್ಯಾ, ಕಂಕುಳ ಹತ್ರ ಹೊಲಿಗೆ ಬಿಟ್ಟಿದ್ಯಾ, ದಾರದ ಕುಣಿಕೆ ಸವೆದಿದ್ಯಾ ನೋಡಿ. ಕೈಹೊಲಿಗೆ ಆದ್ದರಿಂದ ಬಟ್ಟೆ ಹರಿಯೋಕ್ ಮುಂಚೆ ನೂಲು ಬಿಡತ್ತೆ, ಅದೇ ಬಣ್ಣದ ರೇಷ್ಮೆ ನೂಲಲ್ಲಿ ಅದೇ ತೂತಲ್ಲಿ ವಾಪಸ್ ಹೊಲಿದ್ರೆ ಗೊತ್ತೇ ಆಗಲ್ಲ. ಬಟ್ಟೆನೇ ತೂತಾಗಿದ್ರೆ ರಫು ಹಾಕೋರ ಹತ್ರ ತಗೊಂಡೋಗಿ, ನೂಲು ಮ್ಯಾಚ್ ಮಾಡೋಕೆ ಒಳಗಿನ ಮಡಿಕೆಯಿಂದಲೇ ನಾಲ್ಕು ಎಳೆ ಬಿಡಿಸ್ಕೊಳೋಕೆ ಹೇಳಿ, ಹಾಓರಿಯ ಕೆಳಗಿನ ಅಂಚಲ್ಲಿ ಒಳಕ್ಕೆ ಮಡಚಿದ ಬಟ್ಟೆ ಧಾರಾಳವಾಗಿ ಇರತ್ತೆ.